ಅಪ್‌ಡೇಟ್ ಆದ ಮೇಲೆ ವರ್ಡ್ ಟೆಂಪ್ಲೇಟ್ ಕಾಣುತ್ತಿಲ್ಲವೇ? ಹಂತ ಹಂತವಾಗಿ ಹುಡುಕಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ ಮುಗಿಯಿತು. ಆಫೀಸ್ 2016 ಮತ್ತು 2019ರ ಗಡುವೂ ಅದೇ ದಿನ ತೀರಿತು. ಹಳೆಯ ಕಂಪ್ಯೂಟರ್‌ಗಳನ್ನು ಅಪ್‌ಡೇಟ್ ಮಾಡಿಸುವ ಗಡಿಬಿಡಿ ಅಲ್ಲಿಂದ ಶುರುವಾದದ್ದು ಇನ್ನೂ ನಿಂತಿಲ್ಲ. ಅಪ್‌ಡೇಟ್ ಆದ ಮರುದಿನ ಕೇಳಿಬರುವ ದೂರು ಮಾತ್ರ ಎಲ್ಲ ಕಡೆ ಒಂದೇ: ವರ್ಡ್ ತೆರೆದರೆ ಕಚೇರಿಯ ಲೆಟರ್‌ಹೆಡ್ ಇಲ್ಲ, ಶಾಲೆಯ ಪ್ರಶ್ನೆಪತ್ರಿಕೆಯ ಟೆಂಪ್ಲೇಟ್ ಇಲ್ಲ, ವಕೀಲರ ಗುಮಾಸ್ತರು ಅಂಚು ಅಳೆದು ಮಾಡಿಟ್ಟುಕೊಂಡಿದ್ದ ಅರ್ಜಿಯ ನಮೂನೆ ಇಲ್ಲ. ‘ಫೈಲ್’ ಒತ್ತಿ ‘ನ್ಯೂ’ಗೆ ಹೋದರೆ ಕಂಪನಿಯವರೇ ಕೊಟ್ಟ ಬಣ್ಣಬಣ್ಣದ ಬಯೋಡೇಟಾಗಳು ಕಾಣುತ್ತವೆ, ನಮ್ಮದು ಒಂದೂ ಕಾಣುವುದಿಲ್ಲ.

ಇಂಥ ಹೊತ್ತಿನಲ್ಲಿ ಅನೇಕರು ಮೊದಲು ಮಾಡುವ ಕೆಲಸ ಆಫೀಸನ್ನು ಕಿತ್ತುಹಾಕಿ ಮತ್ತೆ ಇನ್‌ಸ್ಟಾಲ್ ಮಾಡುವುದು. ದಯವಿಟ್ಟು ಅದಕ್ಕೆ ಕೈಹಾಕಬೇಡಿ. ಅಪ್‌ಡೇಟ್‌ನಲ್ಲಿ ಟೆಂಪ್ಲೇಟ್ ಅಳಿಸಿಹೋಗುವುದು ಅಪರೂಪ. ಬಹುಪಾಲು ಸಲ ಅದು ಡಿಸ್ಕಿನಲ್ಲೇ ಎಲ್ಲೋ ಇರುತ್ತದೆ. ಮನೆ ಬದಲಾಯಿಸಿದವರ ಕಾಗದ ಹಳೇ ವಿಳಾಸಕ್ಕೇ ಹೋಗುತ್ತಿರುವ ಹಾಗೆ, ವರ್ಡ್ ತಪ್ಪು ಜಾಗದಲ್ಲಿ ತಡಕಾಡುತ್ತಿರುತ್ತದೆ. ಹಾಗಾಗಿ ನಮಗಿರುವುದು ಎರಡೇ ಕೆಲಸ: ಟೆಂಪ್ಲೇಟ್ ಎಲ್ಲಿದೆ ಎಂದು ಪತ್ತೆ ಮಾಡುವುದು, ಆಮೇಲೆ ಆ ಜಾಗವನ್ನು ವರ್ಡ್‌ಗೆ ತಿಳಿಸುವುದು.

ವಿಳಾಸ ತಪ್ಪುವುದೇಕೆ? ವರ್ಡ್ 2010ರವರೆಗೆ ನಾವು ಮಾಡಿದ ಟೆಂಪ್ಲೇಟ್‌ಗಳು ಆಪ್‌ಡೇಟಾ ಎಂಬ ಅಡಗಿರುವ ಫೋಲ್ಡರಿನೊಳಗೆ ಹೋಗುತ್ತಿದ್ದವು. 2013ರಿಂದ ಅವು ಡಾಕ್ಯುಮೆಂಟ್ಸ್ ಒಳಗಿನ ‘ಕಸ್ಟಮ್ ಆಫೀಸ್ ಟೆಂಪ್ಲೇಟ್ಸ್’ ಫೋಲ್ಡರಿಗೆ ಹೋಗತೊಡಗಿದವು. ಇನ್ನೊಂದು ತೊಡಕೂ ಇದೆ. ವರ್ಡ್ ತನ್ನ ಸೆಟ್ಟಿಂಗ್‌ಗಳನ್ನು ಆವೃತ್ತಿಯ ಸಂಖ್ಯೆಯ ಪ್ರಕಾರ ಬೇರೆಬೇರೆ ಇಡುತ್ತದೆ. 2010ಕ್ಕೆ 14, 2013ಕ್ಕೆ 15, ಮತ್ತೆ 2016, 2019, 2021, 365 ಎಲ್ಲಕ್ಕೂ 16. 2016ರಿಂದ 365ಕ್ಕೆ ಹೋದವರಿಗೆ ಹೆಚ್ಚು ತೊಂದರೆಯಾಗದಿರುವುದಕ್ಕೂ 2010 ಅಥವಾ 2013ರಿಂದ ಹಾರಿದವರಿಗೆ ಟೆಂಪ್ಲೇಟ್ ಪಟ್ಟಿಯೇ ಖಾಲಿಯಾಗುವುದಕ್ಕೂ ಇದೇ ಮುಖ್ಯ ಕಾರಣ. ಮೂರನೆಯದು ಒನ್‌ಡ್ರೈವ್. ಅದರ ಕತೆ ಮೂರನೇ ಹಂತದಲ್ಲಿ.

ಹಂತ 1: ಕಾಣೆಯಾಗಿರುವುದು ಏನು ಎಂದು ಗುರುತಿಸಿ

ಮೂರು ಬಗೆಯ ತೊಂದರೆಗಳನ್ನು ಜನ ಒಂದೇ ಹೆಸರಿನಿಂದ ಹೇಳುತ್ತಾರೆ. ಔಷಧ ಬೇರೆಬೇರೆ.

‘ನ್ಯೂ’ ಪುಟದಲ್ಲಿ ‘ಪರ್ಸನಲ್’ ಎಂಬ ಪಟ್ಟಿಯೇ ಇಲ್ಲ, ಅಥವಾ ಇದ್ದರೂ ಖಾಲಿ ಎಂದಾದರೆ ವರ್ಡ್‌ಗೆ ನಿಮ್ಮ ಫೋಲ್ಡರ್ ಸಿಕ್ಕಿಲ್ಲ ಎಂದರ್ಥ. ಕೆಲವು ಕಚೇರಿಗಳ ಕಂಪ್ಯೂಟರಿನಲ್ಲಿ ಈ ಪಟ್ಟಿಯ ಹೆಸರು ‘ಕಸ್ಟಮ್’ ಎಂದಿರುತ್ತದೆ. ಇಂಥವರು 2ರಿಂದ 5ರವರೆಗಿನ ಹಂತ ನೋಡಿ.

ಖಾಲಿ ಡಾಕ್ಯುಮೆಂಟ್ ತೆರೆದಾಗ ಫಾಂಟ್, ಅಕ್ಷರದ ಗಾತ್ರ, ಸಾಲಿನ ಅಂತರ, ಅಂಚು ಎಲ್ಲ ಬದಲಾಗಿದ್ದರೆ, ಖಾಲಿ ಡಾಕ್ಯುಮೆಂಟ್‌ಗೆ ಮೂಲವಾದ ನಿಮ್ಮ ‘ನಾರ್ಮಲ್’ ಟೆಂಪ್ಲೇಟ್ ಹೋಗಿ ಕಂಪನಿಯ ಹೊಸ ನಾರ್ಮಲ್ ಬಂದು ಕೂತಿದೆ. ಎ4 ಹಾಳೆ ಇಟ್ಟಿದ್ದರೂ ಪ್ರಿಂಟರ್ ‘ಲೆಟರ್’ ಹಾಳೆ ಕೇಳುವುದು ಇದರ ಒಂದು ಲಕ್ಷಣ. ವಿಂಡೋಸ್‌ನ ರೀಜನ್ ಅಮೆರಿಕ ಎಂದಿದ್ದರೆ ಹೊಸ ನಾರ್ಮಲ್ ಅಲ್ಲಿನ ಅಳತೆಯಲ್ಲೇ ಹುಟ್ಟುತ್ತದೆ. ಇದಕ್ಕೆ 6ನೇ ಹಂತ.

ಟೆಂಪ್ಲೇಟ್ ತೆರೆಯುತ್ತದೆ, ಆದರೆ ಕನ್ನಡ ಅಕ್ಷರಗಳು ಕೆಟ್ಟಿವೆ ಎಂದಾದರೆ ಟೆಂಪ್ಲೇಟ್‌ನಲ್ಲಿ ದೋಷವಿಲ್ಲ, ಫಾಂಟ್ ಇಲ್ಲ ಅಷ್ಟೆ. ನೇರವಾಗಿ 8ನೇ ಹಂತಕ್ಕೆ ಹೋಗಿ.

ಅದಕ್ಕೂ ಮೊದಲು ಒಂದು ಎಚ್ಚರಿಕೆ. ವಿಂಡೋಸ್ ದೊಡ್ಡ ಅಪ್‌ಡೇಟ್ ಆದಾಗ ಸಿ ಡ್ರೈವ್‌ನಲ್ಲಿ ‘ವಿಂಡೋಸ್ ಡಾಟ್ ಓಲ್ಡ್’ ಎಂಬ ಫೋಲ್ಡರ್ ಉಳಿದಿರುತ್ತದೆ. ಹಳೆಯ ವ್ಯವಸ್ಥೆಯ ಕಡತಗಳು ಅಲ್ಲಿರುತ್ತವೆ. ಹತ್ತು ದಿನಗಳ ನಂತರ ವಿಂಡೋಸ್ ತಾನಾಗಿಯೇ ಅದನ್ನು ಅಳಿಸುತ್ತದೆ. ಆದ್ದರಿಂದ ‘ಡಿಸ್ಕ್ ಕ್ಲೀನಪ್’ ಓಡಿಸಬೇಡಿ. ಜಾಗ ಸಾಲದು ಎಂದು ಯಾರಾದರೂ ಅದನ್ನು ಅಳಿಸಲು ಹೊರಟರೆ ತಡೆಯಿರಿ, ಹುಡುಕಾಟವನ್ನು ಮುಂದಿನ ವಾರಕ್ಕೂ ತಳ್ಳಬೇಡಿ.

ಹಂತ 2: ಹಳೆಯ ಡಾಕ್ಯುಮೆಂಟನ್ನೇ ಕೇಳಿ

ಈ ಉಪಾಯ ಹೆಚ್ಚು ಜನರಿಗೆ ಗೊತ್ತಿಲ್ಲ, ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅತ್ಯಂತ ಲಾಭದ್ದು ಇದೇ. ಟೆಂಪ್ಲೇಟ್‌ನಿಂದ ಹುಟ್ಟಿದ ಪ್ರತಿ ಡಾಕ್ಯುಮೆಂಟೂ ತನ್ನ ಮೂಲ ಯಾವುದು ಎಂಬುದನ್ನು ನೆನಪಿಟ್ಟುಕೊಂಡಿರುತ್ತದೆ.

ಅಪ್‌ಡೇಟ್‌ಗೆ ಮೊದಲು ಅದೇ ಟೆಂಪ್ಲೇಟ್‌ನಲ್ಲಿ ಮಾಡಿದ ಒಂದು ಪತ್ರ ತೆರೆಯಿರಿ. ‘ಫೈಲ್’ನಲ್ಲಿ ‘ಇನ್ಫೋ’ ಒತ್ತಿ. ಬಲಗಡೆ ‘ಪ್ರಾಪರ್ಟೀಸ್’ ಪಟ್ಟಿ ಇರುತ್ತದೆ. ಅದರ ಕೆಳಗಿನ ‘ಶೋ ಆಲ್ ಪ್ರಾಪರ್ಟೀಸ್’ ಒತ್ತಿದರೆ ‘ಟೆಂಪ್ಲೇಟ್’ ಎಂಬ ಸಾಲು ಕಾಣುತ್ತದೆ. ನೀವು ಹುಡುಕುತ್ತಿರುವ ಕಡತದ ಹೆಸರು ಅದು. ಕಾಗದದಲ್ಲಿ ಬರೆದುಕೊಳ್ಳಿ.

ಹೆಸರಿನ ಜೊತೆಗೆ ಜಾಗವೂ ಬೇಕಾದರೆ ‘ಫೈಲ್’, ‘ಆಪ್ಷನ್ಸ್’, ‘ಆಡ್-ಇನ್ಸ್’ ಹೀಗೆ ಹೋಗಿ. ಕೆಳಗೆ ‘ಮ್ಯಾನೇಜ್’ ಎಂಬಲ್ಲಿ ‘ಟೆಂಪ್ಲೇಟ್ಸ್’ ಆರಿಸಿ ‘ಗೋ’ ಒತ್ತಿ. ತೆರೆಯುವ ಕಿಟಕಿಯ ಮೇಲ್ಗಡೆ ‘ಡಾಕ್ಯುಮೆಂಟ್ ಟೆಂಪ್ಲೇಟ್’ ಎಂಬ ಪೆಟ್ಟಿಗೆ ಇದೆ. ಹಲವು ಸಲ ಪೂರ್ತಿ ವಿಳಾಸ ಅಲ್ಲಿಯೇ ಸಿಕ್ಕಿ ಕೆಲಸ ಅರ್ಧ ಮುಗಿಯುತ್ತದೆ.

ಎರಡೂ ಕಡೆ ‘ನಾರ್ಮಲ್’ ಎಂದು ಬಂದರೆ ಆ ಪತ್ರ ಬೇರೆ ಟೆಂಪ್ಲೇಟ್‌ನಿಂದ ಹುಟ್ಟಿದ್ದಲ್ಲ. ಹಳೇ ಪತ್ರವನ್ನೇ ತೆರೆದು, ತಿದ್ದಿ, ಬೇರೆ ಹೆಸರಿನಲ್ಲಿ ಸೇವ್ ಮಾಡುತ್ತ ಬಂದದ್ದನ್ನೇ ಟೆಂಪ್ಲೇಟ್ ಎಂದು ಕರೆಯುವ ರೂಢಿ ನಮ್ಮ ಕಚೇರಿಗಳಲ್ಲಿ ಬೇಕಾದಷ್ಟಿದೆ. ಹಾಗಿದ್ದರೆ ಹುಡುಕುವುದಕ್ಕೇನೂ ಇಲ್ಲ, 7ನೇ ಹಂತಕ್ಕೆ ಹಾರಿ.

ಹಂತ 3: ಇರಬಹುದಾದ ಜಾಗಗಳಲ್ಲಿ ನೋಡಿ

ಮೊದಲು ಅಡಗಿರುವ ಫೋಲ್ಡರ್‌ಗಳು ಕಾಣುವಂತೆ ಮಾಡಿ. ಫೈಲ್ ಎಕ್ಸ್‌ಪ್ಲೋರರ್ ತೆರೆದು, ವಿಂಡೋಸ್ 11 ಆದರೆ ‘ವ್ಯೂ’, ‘ಶೋ’, ‘ಹಿಡನ್ ಐಟಮ್ಸ್’. ವಿಂಡೋಸ್ 10 ಆದರೆ ‘ವ್ಯೂ’ ಪಟ್ಟಿಯಲ್ಲೇ ‘ಹಿಡನ್ ಐಟಮ್ಸ್’ಗೆ ಗುರುತು ಹಾಕಿ. ಪಕ್ಕದಲ್ಲಿರುವ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ಗೂ ಗುರುತು ಹಾಕಿಬಿಡಿ. ಟೆಂಪ್ಲೇಟ್ ಯಾವುದು, ಮಾಮೂಲಿ ಡಾಕ್ಯುಮೆಂಟ್ ಯಾವುದು ಎಂದು ಹೆಸರಿನ ಬಾಲದಿಂದಲೇ ತಿಳಿಯುತ್ತದೆ. ಡಾಕ್ಯುಮೆಂಟ್‌ನ ಬಾಲ ಡಿ-ಒ-ಸಿ-ಎಕ್ಸ್. ಟೆಂಪ್ಲೇಟ್‌ನದು ಡಿ-ಒ-ಟಿ-ಎಕ್ಸ್. ಮ್ಯಾಕ್ರೋ ಇರುವ ಟೆಂಪ್ಲೇಟ್ ಆದರೆ ಡಿ-ಒ-ಟಿ-ಎಂ. 2007ಕ್ಕಿಂತ ಹಳೆಯ ಕಾಲದ್ದಾದರೆ ಬರೀ ಡಿ-ಒ-ಟಿ.

ಈಗ ಡಾಕ್ಯುಮೆಂಟ್ಸ್ ಒಳಗೆ ‘ಕಸ್ಟಮ್ ಆಫೀಸ್ ಟೆಂಪ್ಲೇಟ್ಸ್’ ಇದೆಯೇ ನೋಡಿ. ಫೋಲ್ಡರ್ ಇದ್ದೂ ಖಾಲಿಯಾಗಿದ್ದರೆ ಎದೆಗುಂದಬೇಡಿ. ನಿಮ್ಮ ಕಂಪ್ಯೂಟರಿನಲ್ಲಿ ಈಗ ಎರಡು ಡಾಕ್ಯುಮೆಂಟ್ಸ್ ಫೋಲ್ಡರ್ ಇರಬಹುದು. ಅಪ್‌ಡೇಟ್ ಮುಗಿದೊಡನೆ ‘ನಿಮ್ಮ ಕಡತಗಳ ಬ್ಯಾಕಪ್ ಮಾಡೋಣವೇ’ ಎಂದು ವಿಂಡೋಸ್ ಕೇಳುತ್ತದೆ. ಓದದೇ ಒಪ್ಪಿಕೊಳ್ಳುವವರೇ ಹೆಚ್ಚು. ಒಪ್ಪಿದ ಕೂಡಲೇ ಡಾಕ್ಯುಮೆಂಟ್ಸ್ ಫೋಲ್ಡರು ಒನ್‌ಡ್ರೈವ್ ಫೋಲ್ಡರಿನ ಒಳಗೆ ಸ್ಥಳಾಂತರವಾಗುತ್ತದೆ. ವರ್ಡ್‌ನ ಸೆಟ್ಟಿಂಗ್‌ನಲ್ಲಿರುವುದು ಮಾತ್ರ ಹಳೇ ವಿಳಾಸ. ಮುಂದೆಂದಾದರೂ ಈ ಬ್ಯಾಕಪ್ ನಿಲ್ಲಿಸಿದರೆ ಉಲ್ಟಾ ಆಗುತ್ತದೆ. ಡಾಕ್ಯುಮೆಂಟ್ಸ್ ಹಳೇ ಜಾಗಕ್ಕೆ ಮರಳಿದರೂ ಕಡತಗಳು ಒನ್‌ಡ್ರೈವ್‌ನಲ್ಲೇ ಉಳಿದುಬಿಡಬಹುದು. ಆದ್ದರಿಂದ ಸಿ ಡ್ರೈವ್, ‘ಯೂಸರ್ಸ್’, ನಿಮ್ಮ ಹೆಸರು ಹೀಗೆ ಒಳಹೋಗಿ, ಅಲ್ಲಿನ ಡಾಕ್ಯುಮೆಂಟ್ಸ್ ಮತ್ತು ಒನ್‌ಡ್ರೈವ್ ಒಳಗಿನ ಡಾಕ್ಯುಮೆಂಟ್ಸ್ ಎರಡನ್ನೂ ನೋಡಿ. ಕಡತದ ಪಕ್ಕ ಮೋಡದ ಚಿತ್ರ ಇದ್ದರೆ ಅದು ಇನ್ನೂ ಇಂಟರ್‌ನೆಟ್‌ನಲ್ಲೇ ಇದೆ. ಬಲ ಕ್ಲಿಕ್ ಮಾಡಿ ‘ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್’ ಆರಿಸಿಕೊಳ್ಳಿ.

‘ಯೂಸರ್ಸ್’ ಒಳಗೆ ಹೋದಾಗ ನಿಮ್ಮ ಹೆಸರಿನ ಎರಡು ಫೋಲ್ಡರ್‌ಗಳೋ ‘ಟೆಂಪ್’ ಎಂಬ ಹೆಸರಿನದೋ ಕಂಡರೆ ಅದೂ ಒಂದು ಸುಳಿವು. ಅಪ್‌ಡೇಟ್ ಆದ ಮೇಲೆ ವಿಂಡೋಸ್ ಒಮ್ಮೊಮ್ಮೆ ತಾತ್ಕಾಲಿಕ ಖಾತೆಯಲ್ಲಿ ತೆರೆದುಕೊಳ್ಳುತ್ತದೆ, ಡೆಸ್ಕ್‌ಟಾಪೂ ಬೋಳಾಗಿರುತ್ತದೆ. ಅಂಥ ಖಾತೆಯಲ್ಲಿ ಏನನ್ನೂ ಸೇವ್ ಮಾಡದೆ ರೀಸ್ಟಾರ್ಟ್ ಮಾಡಿ ನೋಡಿ.

ಇನ್ನು ಆಪ್‌ಡೇಟಾ. ಕೀಬೋರ್ಡಿನಲ್ಲಿ ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ. ಬರುವ ಪೆಟ್ಟಿಗೆಯಲ್ಲಿ ಶೇಕಡಾ ಚಿಹ್ನೆ, ಇಂಗ್ಲಿಷ್ ಅಕ್ಷರಗಳಲ್ಲಿ ಎ-ಪಿ-ಪಿ-ಡಿ-ಎ-ಟಿ-ಎ, ಮತ್ತೆ ಶೇಕಡಾ ಚಿಹ್ನೆ, ಇಷ್ಟನ್ನೂ ನಡುವೆ ಜಾಗ ಬಿಡದೆ ಟೈಪ್ ಮಾಡಿ ಎಂಟರ್ ಒತ್ತಿ. ‘ರೋಮಿಂಗ್’ ಎಂಬ ಫೋಲ್ಡರ್ ತೆರೆಯುತ್ತದೆ. ಅದರೊಳಗೆ ‘ಮೈಕ್ರೋಸಾಫ್ಟ್’, ಅದರೊಳಗೆ ‘ಟೆಂಪ್ಲೇಟ್ಸ್’. 2010ರ ಕಾಲದಿಂದ ವರ್ಡ್ ಬಳಸುತ್ತಿರುವವರ ಸರಕು ಹೆಚ್ಚಾಗಿ ಇಲ್ಲೇ ಸಿಗುತ್ತದೆ.

ಹಂತ 4: ಸಿಗಲಿಲ್ಲವೇ? ಇಡೀ ಡಿಸ್ಕ್ ಜಾಲಾಡಿ

ಎಕ್ಸ್‌ಪ್ಲೋರರ್‌ನಲ್ಲಿ ‘ದಿಸ್ ಪಿಸಿ’ ಒತ್ತಿ, ಮೇಲ್ಗಡೆ ಬಲಗಡೆಯ ಹುಡುಕು ಪೆಟ್ಟಿಗೆಯಲ್ಲಿ ನಕ್ಷತ್ರ ಚಿಹ್ನೆ, ಚುಕ್ಕೆ, ಡಿ-ಒ-ಟಿ, ಮತ್ತೆ ನಕ್ಷತ್ರ ಚಿಹ್ನೆ ಟೈಪ್ ಮಾಡಿ. ಮೂರೂ ಬಗೆಯ ಟೆಂಪ್ಲೇಟ್‌ಗಳು ಇದೊಂದೇ ಬಲೆಗೆ ಬೀಳುತ್ತವೆ. ಹಳೇ ಹಾರ್ಡ್ ಡಿಸ್ಕ್ ಆದರೆ ಒಂದು ಕಾಫಿ ಕುಡಿದು ಬರುವಷ್ಟು ಹೊತ್ತು ಹಿಡಿದೀತು. ಬಂದ ಪಟ್ಟಿಯನ್ನು ‘ಡೇಟ್ ಮಾಡಿಫೈಡ್’ ಪ್ರಕಾರ ಜೋಡಿಸಿದರೆ ವರ್ಡ್‌ನ ಜೊತೆ ಬಂದ ಕಡತಗಳು ಒಂದು ಕಡೆ ಹೋಗಿ ನಿಮ್ಮವು ಬೇರೆಯಾಗಿ ಕಾಣುತ್ತವೆ.

ಫಾರ್ಮ್ಯಾಟ್ ಮಾಡದೆ ಹೊಸ ವಿಂಡೋಸ್ ಹಾಕಿಸಿದ್ದರೆ ‘ವಿಂಡೋಸ್ ಡಾಟ್ ಓಲ್ಡ್’ ಒಳಗಿನ ‘ಯೂಸರ್ಸ್’ಗೂ ಹೋಗಿ, ಮೂರನೇ ಹಂತದ ಜಾಗಗಳನ್ನು ಅಲ್ಲಿಯೂ ನೋಡಿ. ರೀಸೈಕಲ್ ಬಿನ್ ನೋಡುವುದನ್ನು ಮರೆಯಬೇಡಿ. ಒನ್‌ಡ್ರೈವ್‌ಗೆ ಅದರದೇ ರೀಸೈಕಲ್ ಬಿನ್ ಇದೆ, ಬ್ರೌಸರ್‌ನಲ್ಲಿ ಲಾಗಿನ್ ಆದರೆ ಸಿಗುತ್ತದೆ. ಸ್ವಂತ ಖಾತೆಯಾದರೆ 30 ದಿನ, ಕಚೇರಿ ಅಥವಾ ಶಾಲೆಯ ಖಾತೆಯಾದರೆ ಸಾಮಾನ್ಯವಾಗಿ 93 ದಿನ ಅಳಿಸಿದ ಕಡತ ಅಲ್ಲಿ ಉಳಿದಿರುತ್ತದೆ.

ಹಂತ 5: ಸಿಕ್ಕ ಜಾಗವನ್ನು ವರ್ಡ್‌ಗೆ ತಿಳಿಸಿ

ಸಿಕ್ಕ ಟೆಂಪ್ಲೇಟ್‌ಗಳನ್ನೆಲ್ಲ ಒಂದು ಫೋಲ್ಡರಿಗೆ ಕಾಪಿ ಮಾಡಿ. ಕಟ್ ಮಾಡಬೇಡಿ, ಮೂಲ ಇದ್ದಲ್ಲೇ ಇರಲಿ. ಡಿ ಡ್ರೈವ್ ಇದ್ದರೆ ಅಲ್ಲಿಯೇ ‘ಟೆಂಪ್ಲೇಟ್ಸ್’ ಎಂಬ ಫೋಲ್ಡರ್ ಮಾಡುವುದು ಒಳ್ಳೆಯದು. ಮುಂದೆ ವಿಂಡೋಸ್‌ಗೆ ಏನಾದರೂ ಆದರೆ ಪೆಟ್ಟು ಬೀಳುವುದು ಸಾಮಾನ್ಯವಾಗಿ ಸಿ ಡ್ರೈವ್‌ಗೆ.

ಆ ಫೋಲ್ಡರ್ ತೆರೆದು, ಮೇಲಿನ ವಿಳಾಸಪಟ್ಟಿಯ ಖಾಲಿ ಜಾಗದಲ್ಲಿ ಕ್ಲಿಕ್ ಮಾಡಿದರೆ ವಿಳಾಸ ನೀಲಿಯಾಗುತ್ತದೆ. ಕಂಟ್ರೋಲ್ ಮತ್ತು ಸಿ ಒತ್ತಿ ಕಾಪಿ ಮಾಡಿಕೊಳ್ಳಿ. ಈಗ ವರ್ಡ್‌ನಲ್ಲಿ ‘ಫೈಲ್’, ‘ಆಪ್ಷನ್ಸ್’, ‘ಸೇವ್’. ಅಲ್ಲಿ ‘ಡಿಫಾಲ್ಟ್ ಪರ್ಸನಲ್ ಟೆಂಪ್ಲೇಟ್ಸ್ ಲೊಕೇಶನ್’ ಎಂಬ ಪೆಟ್ಟಿಗೆ ಇದೆ. ಪಕ್ಕದಲ್ಲಿ ‘ಬ್ರೌಸ್’ ಗುಂಡಿ ಕೊಡುವಷ್ಟು ಔದಾರ್ಯವನ್ನು ಮೈಕ್ರೋಸಾಫ್ಟ್‌ನವರು ತೋರಿಸಿಲ್ಲ, ಅದಕ್ಕೇ ವಿಳಾಸ ಕಾಪಿ ಮಾಡಿಕೊಳ್ಳಿ ಎಂದದ್ದು. ಕಂಟ್ರೋಲ್ ಮತ್ತು ವಿ ಒತ್ತಿ ಅಂಟಿಸಿ, ‘ಓಕೆ’ ಕೊಟ್ಟು, ವರ್ಡ್ ಮುಚ್ಚಿ ಮತ್ತೆ ತೆರೆಯಿರಿ. ‘ನ್ಯೂ’ ಪುಟದಲ್ಲಿ ‘ಪರ್ಸನಲ್’ ಕಾಣಿಸಿಕೊಳ್ಳುತ್ತದೆ.

‘ಅಡ್ವಾನ್ಸ್ಡ್’ ಪಟ್ಟಿಯ ಕೊನೆಯಲ್ಲಿ ‘ಫೈಲ್ ಲೊಕೇಶನ್ಸ್’ ಎಂಬ ಗುಂಡಿ, ಅದರೊಳಗೆ ‘ಯೂಸರ್ ಟೆಂಪ್ಲೇಟ್ಸ್’ ಎಂಬ ಸಾಲೂ ಇದೆ. ಅದನ್ನು ಬದಲಾಯಿಸಬೇಡಿ. ವರ್ಡ್ ತನ್ನ ನಾರ್ಮಲ್ ಟೆಂಪ್ಲೇಟನ್ನು ಹುಡುಕುವುದು ಅಲ್ಲಿ. ಬದಲಾಯಿಸಿದರೆ ಹೊಸ ಜಾಗದಲ್ಲಿ ಹೊಸ ನಾರ್ಮಲ್ ಹುಟ್ಟಿ ಇನ್ನೊಂದು ತಲೆನೋವು ಶುರುವಾಗುತ್ತದೆ. ಅದರ ಕೆಳಗಿನ ‘ವರ್ಕ್‌ಗ್ರೂಪ್ ಟೆಂಪ್ಲೇಟ್ಸ್’ ಮಾತ್ರ ಇಡೀ ಕಚೇರಿಗೆ ಒಂದೇ ಲೆಟರ್‌ಹೆಡ್ ಬೇಕೆನ್ನುವವರಿಗೆ ಉಪಯೋಗಕ್ಕೆ ಬರುತ್ತದೆ. ಎಲ್ಲರಿಗೂ ಸಿಗುವ ಹಂಚಿಕೆಯ ಫೋಲ್ಡರನ್ನು ಅಲ್ಲಿ ತೋರಿಸಿದರೆ ಸಾಕು.

ಮ್ಯಾಕ್ರೋ ಇರುವ ಟೆಂಪ್ಲೇಟ್ ಕಂಡರೂ ಮ್ಯಾಕ್ರೋ ಓಡದಿದ್ದರೆ ಕಡತದ ಮೇಲೆ ಬಲ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’ನಲ್ಲಿ ‘ಅನ್‌ಬ್ಲಾಕ್’ ಇದೆಯೇ ನೋಡಿ. ಇಂಟರ್‌ನೆಟ್‌ನಿಂದಲೋ ಇಮೇಲ್‌ನಿಂದಲೋ ಬಂದ ಮ್ಯಾಕ್ರೋಗಳನ್ನು ಆಫೀಸ್ 2022ರಿಂದ ತಡೆಯುತ್ತಿದೆ. ಕಡತ ನಿಮ್ಮದೇ ಎಂಬ ಖಾತ್ರಿ ಇದ್ದರೆ ಮಾತ್ರ ಬಿಡಿಸಿ.

ಹಂತ 6: ನಾರ್ಮಲ್ ಹೋಗಿದ್ದರೆ

ಆಪ್‌ಡೇಟಾ ಒಳಗಿನ ಅದೇ ‘ಟೆಂಪ್ಲೇಟ್ಸ್’ ಫೋಲ್ಡರಿನಲ್ಲಿ ಡಿ-ಒ-ಟಿ-ಎಂ ಬಾಲದ ನಾರ್ಮಲ್ ಇರುತ್ತದೆ. ಅದು ಕಾಣದಿದ್ದರೆ ವರ್ಡ್ ಸದ್ದಿಲ್ಲದೆ ಹೊಸದೊಂದನ್ನು ಮಾಡಿಕೊಳ್ಳುತ್ತದೆ. ನಾಲ್ಕನೇ ಹಂತದ ಹುಡುಕಾಟದಲ್ಲಿ ಇನ್ನೊಂದು ನಾರ್ಮಲ್ ಸಿಕ್ಕಿದೆಯೇ, ಅದರ ತಾರೀಕು ಅಪ್‌ಡೇಟ್‌ಗಿಂತ ಹಿಂದಿನದೇ ಎಂದು ನೋಡಿ. ಹೌದಾದರೆ ವರ್ಡ್ ಮತ್ತು ಔಟ್‌ಲುಕ್ ಎರಡನ್ನೂ ಮುಚ್ಚಿ. ಹೊಸ ನಾರ್ಮಲ್‌ನ ಹೆಸರನ್ನು ‘ನಾರ್ಮಲ್ ಹೊಸದು’ ಎಂದು ಬದಲಾಯಿಸಿ, ಹಳೆಯದನ್ನು ಅಲ್ಲಿಗೆ ಕಾಪಿ ಮಾಡಿ, ವರ್ಡ್ ತೆರೆಯಿರಿ. ತೆರೆಯುವಾಗ ತಕರಾರು ಮಾಡಿದರೆ ಹಳೆಯದು ಕೆಟ್ಟಿದೆ ಎಂದು ತಿಳಿದು ಹೆಸರುಗಳನ್ನು ಮೊದಲಿನ ಹಾಗೇ ಮಾಡಿ.

ಹಳೆಯದು ಸಿಗಲೇ ಇಲ್ಲವೆಂದರೆ ಹೊಸ ನಾರ್ಮಲನ್ನೇ ತಿದ್ದಿಕೊಳ್ಳಿ. ಕಂಟ್ರೋಲ್ ಮತ್ತು ಡಿ ಒತ್ತಿ ಫಾಂಟ್ ಆರಿಸಿ ‘ಸೆಟ್ ಆ್ಯಸ್ ಡಿಫಾಲ್ಟ್’ ಕೊಡಿ. ‘ಪೇಜ್ ಸೆಟಪ್’ನಲ್ಲೂ ಎ4 ಮತ್ತು ಅಂಚು ಸರಿಮಾಡಿ ಅದೇ ಗುಂಡಿ ಒತ್ತಿ. ಕನ್ನಡದವರು ಒಂದನ್ನು ಗಮನಿಸಬೇಕು. ಯೂನಿಕೋಡ್ ಕನ್ನಡಕ್ಕೆ ವರ್ಡ್ ಬಳಸುವುದು ಆ ಪೆಟ್ಟಿಗೆಯ ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್’ ಸಾಲಿನಲ್ಲಿರುವ ಫಾಂಟ್ ಮತ್ತು ಗಾತ್ರವನ್ನು. ಮೇಲಿನ ‘ಲ್ಯಾಟಿನ್ ಟೆಕ್ಸ್ಟ್’ ಮಾತ್ರ ಬದಲಾಯಿಸಿ ‘ಕನ್ನಡ ಅಕ್ಷರ ದೊಡ್ಡದಾಗುತ್ತಲೇ ಇಲ್ಲ’ ಎಂದು ಪರದಾಡುವವರಿದ್ದಾರೆ. ಆ ಸಾಲೇ ಇಲ್ಲದಿದ್ದರೆ ‘ಆಪ್ಷನ್ಸ್’ನ ‘ಲ್ಯಾಂಗ್ವೇಜ್’ನಲ್ಲಿ ಕನ್ನಡವನ್ನು ಸೇರಿಸಿ.

ಹಂತ 7: ಎಲ್ಲಿಯೂ ಇಲ್ಲ ಎಂದಾದರೆ, ಹಳೇ ಪತ್ರದಿಂದ ಹೊಸ ಟೆಂಪ್ಲೇಟ್

ಟೆಂಪ್ಲೇಟ್‌ನಿಂದ ಮಾಡಿದ ಪತ್ರದೊಳಗೆ ಅದರ ಸ್ಟೈಲ್‌ಗಳು, ಅಂಚು, ಮೇಲಿನ ಲಾಂಛನ, ಕೆಳಗಿನ ವಿಳಾಸ ಎಲ್ಲದರ ನಕಲು ಇರುತ್ತದೆ. ಇರದಿರುವುದು ಮ್ಯಾಕ್ರೋ ಮತ್ತು ಆಟೋಟೆಕ್ಸ್ಟ್. ನಿಮ್ಮಲ್ಲಿ ಪತ್ರ ಉಳಿದಿಲ್ಲದಿದ್ದರೂ ಇಮೇಲ್‌ನ ‘ಸೆಂಟ್’ ಪಟ್ಟಿಯಲ್ಲೋ ಯಾರದಾದರೂ ಪೆನ್‌ಡ್ರೈವ್‌ನಲ್ಲೋ ಒಂದಾದರೂ ಸಿಗುತ್ತದೆ.

ಪತ್ರ ತೆರೆದ ಕೂಡಲೇ, ಒಂದಕ್ಷರವನ್ನೂ ಅಳಿಸುವ ಮೊದಲು, ‘ಸೇವ್ ಆ್ಯಸ್’ ಒತ್ತಿ ‘ವರ್ಡ್ ಟೆಂಪ್ಲೇಟ್’ ಎಂಬ ಬಗೆಯನ್ನು ಆರಿಸಿ. ವರ್ಡ್ ತಾನಾಗಿಯೇ ಟೆಂಪ್ಲೇಟ್ ಫೋಲ್ಡರಿಗೆ ಜಿಗಿಯುತ್ತದೆ. ಸೇವ್ ಆದ ಮೇಲೆ ಒಡಲಿನ ವಿಷಯ ಅಳಿಸಿ. ದಿನಾಂಕ, ಪತ್ರಸಂಖ್ಯೆ, ವಿಳಾಸದಾರರ ಹೆಸರು ತೆಗೆಯಿರಿ. ಕೊನೆಗೆ ‘ಇನ್ಫೋ’ದಲ್ಲಿ ‘ಚೆಕ್ ಫಾರ್ ಇಶ್ಯೂಸ್’, ‘ಇನ್‌ಸ್ಪೆಕ್ಟ್ ಡಾಕ್ಯುಮೆಂಟ್’ ಓಡಿಸಿ, ಒಳಗೆ ಉಳಿದಿರಬಹುದಾದ ಕಾಮೆಂಟ್‌ಗಳನ್ನು ತೆಗೆಸಿ. ಆ ಪಟ್ಟಿಯಲ್ಲಿ ‘ಹೆಡರ್ಸ್ ಆ್ಯಂಡ್ ಫೂಟರ್ಸ್’ಗೂ ತೆಗೆಯುವ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಲಾಂಛನವೇ ಹೋಗುತ್ತದೆ, ಹುಷಾರು.

ಅಳತೆಗಳನ್ನು ಅಂದಾಜಿನಲ್ಲಿ ಬಿಡಬೇಡಿ, ಮುಖ್ಯವಾಗಿ ನ್ಯಾಯಾಲಯದ ಕೆಲಸದವರು. ಸುಪ್ರೀಂ ಕೋರ್ಟ್ 2020ರ ಏಪ್ರಿಲ್ 1ರಿಂದ ಎ4 ಹಾಳೆ, 14ರ ಗಾತ್ರದ ಟೈಮ್ಸ್ ನ್ಯೂ ರೋಮನ್, ಒಂದೂವರೆ ಸಾಲಿನ ಅಂತರ, ಎಡಬಲ 4 ಸೆಂಟಿಮೀಟರ್ ಹಾಗೂ ಮೇಲೆ ಕೆಳಗೆ 2 ಸೆಂಟಿಮೀಟರ್ ಅಂಚು ಎಂದು ಗೊತ್ತುಮಾಡಿದೆ. ನಿಮ್ಮ ನ್ಯಾಯಾಲಯದ ನಿಯಮ ನೋಡಿಕೊಂಡು ಟೆಂಪ್ಲೇಟ್‌ನಲ್ಲಿ ಒಮ್ಮೆ ಸರಿಯಾಗಿ ಕೂರಿಸಿ.

ಮುಂದೆ ಟೆಂಪ್ಲೇಟನ್ನೇ ತಿದ್ದಬೇಕಾದಾಗ ಡಬಲ್ ಕ್ಲಿಕ್ ಮಾಡಿದರೆ ಅದರ ನಕಲೊಂದು ಹೊಸ ಡಾಕ್ಯುಮೆಂಟ್ ಆಗಿ ತೆರೆಯುತ್ತದೆ. ಬಲ ಕ್ಲಿಕ್ ಮಾಡಿ ‘ಓಪನ್’ ಆರಿಸಿದರೆ ಮಾತ್ರ ಮೂಲ ಸಿಗುತ್ತದೆ.

ಹಂತ 8: ಅಕ್ಷರ ಕೆಟ್ಟಿದ್ದರೆ

ವಿಂಡೋಸ್ 10ರಿಂದೀಚೆಗೆ ತುಂಗಾ ಫಾಂಟ್ ತಾನಾಗಿ ಬರುವ ಫಾಂಟ್‌ಗಳ ಸಾಲಿನಲ್ಲಿಲ್ಲ. ಕನ್ನಡಕ್ಕೆ ಈಗ ಜೊತೆಯಲ್ಲಿ ಬರುವುದು ನಿರ್ಮಲಾ ಯುಐ. ತುಂಗಾದಲ್ಲಿ ಮಾಡಿದ ಟೆಂಪ್ಲೇಟ್ ಸಾಲು ಮುರಿದು, ಪುಟ ಹೆಚ್ಚಾಗಿ ಕಾಣುತ್ತಿದ್ದರೆ ‘ಸೆಟ್ಟಿಂಗ್ಸ್’ನಲ್ಲಿ ‘ಆಪ್ಷನಲ್ ಫೀಚರ್ಸ್’ ಎಂದು ಹುಡುಕಿ, ‘ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್’ ಸೇರಿಸಿ. ನುಡಿ ಅಥವಾ ಬರಹದ ಹಳೇ ಫಾಂಟ್‌ಗಳಲ್ಲಿ ಮಾಡಿದ ಟೆಂಪ್ಲೇಟ್ ಆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಅದನ್ನು ನೋಡಿ ಕಡತ ಕೆಟ್ಟಿತು ಎಂದು ಅಳಿಸಬೇಡಿ. ಆ ತಂತ್ರಾಂಶವನ್ನು ಮತ್ತೆ ಹಾಕಿಕೊಂಡರೆ ಅಕ್ಷರಗಳು ಮರಳುತ್ತವೆ.

ಲಿಬ್ರೆ ಆಫೀಸ್, ಮ್ಯಾಕ್ ಬಳಸುವವರಿಗೆ

ಲಿಬ್ರೆ ಆಫೀಸ್‌ನ ಟೆಂಪ್ಲೇಟ್ ಬಾಲ ಒ-ಟಿ-ಟಿ. ವಿಂಡೋಸ್‌ನಲ್ಲಿ ಅವು ಆಪ್‌ಡೇಟಾದ ರೋಮಿಂಗ್ ಒಳಗೆ ‘ಲಿಬ್ರೆ ಆಫೀಸ್’, ‘4’, ‘ಯೂಸರ್’, ‘ಟೆಂಪ್ಲೇಟ್’ ಎಂಬ ಸಾಲಿನಲ್ಲಿರುತ್ತವೆ. ಆವೃತ್ತಿ ಯಾವುದೇ ಆದರೂ ಆ 4 ಬದಲಾಗಿಲ್ಲ, ಗಾಬರಿ ಬೇಡ. ವರ್ಡ್‌ಗೆ ಹೋಲಿಸಿದರೆ ಇಲ್ಲಿ ಕಾಣೆಯಾಗುವುದು ಕಡಿಮೆ. ಜಾಗ ತಿಳಿಸಲು ‘ಟೂಲ್ಸ್’, ‘ಆಪ್ಷನ್ಸ್’, ‘ಪಾತ್ಸ್’.

ಮ್ಯಾಕ್‌ನಲ್ಲಾದರೆ ಫೈಂಡರ್‌ನ ‘ಗೋ’ ಪಟ್ಟಿ ತೆರೆದು ಆಪ್ಷನ್ ಕೀ ಒತ್ತಿ ಹಿಡಿಯಿರಿ, ‘ಲೈಬ್ರರಿ’ ಕಾಣುತ್ತದೆ. ಅದರೊಳಗೆ ‘ಗ್ರೂಪ್ ಕಂಟೇನರ್ಸ್’ಗೆ ಹೋಗಿ ‘ಆಫೀಸ್’ ಎಂದು ಮುಗಿಯುವ ಹೆಸರಿನ ಫೋಲ್ಡರ್ ನೋಡಿ, ಅದರ ‘ಯೂಸರ್ ಕಂಟೆಂಟ್’ ಒಳಗೆ ‘ಟೆಂಪ್ಲೇಟ್ಸ್’ ಇದೆ.

ಎಲ್ಲ ಸರಿಹೋದ ಮೇಲೆ ಡಿ ಡ್ರೈವ್‌ನ ಟೆಂಪ್ಲೇಟ್ಸ್ ಫೋಲ್ಡರನ್ನೂ ಆಪ್‌ಡೇಟಾ ಒಳಗಿನ ನಾರ್ಮಲ್ ಕಡತವನ್ನೂ ಪೆನ್‌ಡ್ರೈವ್‌ಗೆ ಹಾಕಿ, ನೀವು ಬಳಸುವ ಕನ್ನಡ ಫಾಂಟ್‌ಗಳನ್ನೂ ಜೊತೆಗಿಡಿ. ಎಲ್ಲ ಸೇರಿದರೂ ಕೆಲವು ಎಂಬಿ ದಾಟುವುದು ಅಪರೂಪ. ಮುಂದಿನ ಸಲ ಅಪ್‌ಡೇಟ್ ಗುಂಡಿ ಒತ್ತುವ ಮೊದಲು ಆ ನಕಲು ಹಳೆಯದಾಗಿಲ್ಲವೇ ಎಂದು ಒಮ್ಮೆ ನೋಡಿಕೊಳ್ಳಿ.